ಇಪ್ಪತ್ತನಾಲ್ಕನೇ ಒರೆಯ ಬೆನ್ನು

2022ರ ಮಾರ್ಚ್ 11, ಶುಕ್ರವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಕತಾರಿನ ಐನ್ ಖಾಲಿದ್‌ನಲ್ಲಿ ನಮ್ಮ ಮ್ಯಾನೇಜರರ ವಿಲ್ಲಾದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಆ ದಿನದ ಡೈರಿಯ ಮೊದಲ ಸಾಲು: "ರಜೆಯ ದಿನ ಕರೆಸಿದ್ದಾರೆ. ಕಾರಣ ಹೇಳಿಲ್ಲ. 11.15ರವರೆಗೆ ನೀರೂ ಕೊಟ್ಟಿಲ್ಲ."

ಕಾರಣ ಗೋಡೆಯ ಮೇಲಿತ್ತು. ಹಾಲ್‌ನ ಉದ್ದಕ್ಕೂ ಗಾಜಿನ ಕಪಾಟು, ಅದರೊಳಗೆ ಬಿಳಿ ದೀಪ, ದೀಪದ ಕೆಳಗೆ ಸಾಲಾಗಿ ನೇತುಹಾಕಿದ ಚರ್ಮದ ಒರೆಗಳು. ಸಿಪಾಯಿಗಳು ಪಿಸ್ತೂಲನ್ನು ಹಾಕಿ ಸೊಂಟಪಟ್ಟಿಗೆ ಸಿಕ್ಕಿಸಿಕೊಳ್ಳುವ, ಇಂಗ್ಲಿಷಿನಲ್ಲಿ ಹೋಲ್‌ಸ್ಟರ್ ಎನ್ನುವ ಒರೆ. ಎಲ್ಲವೂ ಜರ್ಮನ್ ಸೈನ್ಯದ್ದು, ಎರಡು ಮಹಾಯುದ್ಧಗಳ ಕಾಲದ್ದು ಎಂದು ಅವರು ಹೇಳಿದರು. ಎಣಿಸಿದೆ, ಇಪ್ಪತ್ತಮೂರು. ಒಂದರಲ್ಲೂ ಪಿಸ್ತೂಲಿರಲಿಲ್ಲ. ಕತಾರಿಗೆ ದುಡಿಯಲು ಬಂದ ನಮ್ಮಂಥವರು ಪಿಸ್ತೂಲು ಇಟ್ಟುಕೊಳ್ಳುವ ಹಾಗಿಲ್ಲ. ಆದ್ದರಿಂದ ಅವರು ಒರೆ ಕೂಡಿಸುತ್ತಿದ್ದರು. ಕುದುರೆ ಇಲ್ಲದವನು ಇಪ್ಪತ್ತಮೂರು ಜೀನು ತಂದು ಗೋಡೆಗೆ ಹಾಕಿದ ಹಾಗೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಡೈರಿಯಲ್ಲಿ ಬರೆದುಕೊಂಡೆ.

"ಮುಟ್ಬೇಡಪ್ಪ, ಬೆವರು ಕೈ. ಗ್ಲೌಸ್ ಹಾಕ್ಕೋ," ಎಂದರು. ಗ್ಲೌಸು ಸೈಟಿನಿಂದ ತಂದದ್ದು, ಪೈಂಟರುಗಳದ್ದು.

ಮ್ಯಾನೇಜರರು ಬೆಂಗಳೂರಿನವರು, ಐವತ್ತರ ಆಸುಪಾಸು. ಲುಸೈಲ್‌ನಲ್ಲಿ ಕಟ್ಟಡ ಕಟ್ಟಿಕೊಡುತ್ತಿದ್ದ ನಮ್ಮ ಕಂಪನಿಯಲ್ಲಿ ಅವರ ಸಹಿಯಿಲ್ಲದೆ ಒಂದು ಬಾಗಿಲ ಚಿಲಕವೂ ಬರುತ್ತಿರಲಿಲ್ಲ. ನಾನು ಅಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಬರುವ ನಕ್ಷೆ, ಪತ್ರ, ತಪಾಸಣೆಯ ಅರ್ಜಿ ಎಲ್ಲಕ್ಕೂ ನಂಬರು ಹಾಕಿ, ಸೀಲು ಒತ್ತಿ, ತಾರೀಖು ಬರೆದು ಫೈಲಿಗೆ ಸೇರಿಸುವ ಕೆಲಸ. ಆಗ ನನಗೆ ಇಪ್ಪತ್ತಾರು. ನಾಲ್ಕು ವರ್ಷದಲ್ಲಿ ನಾನು ಒತ್ತಿದ ಸೀಲುಗಳ ಲೆಕ್ಕ ನನ್ನ ಹತ್ತಿರ ಇದೆ, ಇಲ್ಲಿ ಬೇಡ.

"ನವೆಂಬರ್‌ಗೆ ವರ್ಲ್ಡ್ ಕಪ್," ಎಂದರು. "ಜರ್ಮನ್ ಕನ್ಸಲ್ಟೆಂಟ್ಸ್ ಬರ್ತಾರೆ. ಒಬ್ಬರನ್ನಾದ್ರೂ ಮನೆಗೆ ಕರೀತೀನಿ. ಅಷ್ಟರಲ್ಲಿ ಒಂದು ಪ್ರಾಪರ್ ಕ್ಯಾಟಲಾಗ್ ಆಗ್ಬೇಕು. ಯಾವ ಮುದ್ರೆ, ಯಾವ ವರ್ಷ, ಯಾವ ಫ್ಯಾಕ್ಟರಿ. ನೀನು ಸೀಲ್ ನೋಡೋದ್ರಲ್ಲಿ ಎಕ್ಸ್‌ಪರ್ಟ್ ಅಲ್ವೇನಪ್ಪ."

ಹೀಗೆ ಶುರುವಾಯಿತು. ಮೇ ತಿಂಗಳ ಕೊನೆಯವರೆಗೆ ಹನ್ನೊಂದು ಶುಕ್ರವಾರ ಹೋದವು. ಒಂದೊಂದು ಒರೆಗೆ ಹನ್ನೆರಡು ಫೋಟೊ, ಒಟ್ಟು 276.

ಮುದ್ರೆಗಳನ್ನು ಓದಲು ಕಲಿತದ್ದು ನಾನೇ, ಇಂಟರ್ನೆಟ್ಟಿನಲ್ಲಿ ಬೇರೆ ದೇಶದ ಸಂಗ್ರಾಹಕರು ಹಾಕಿದ ಚಿತ್ರ ಮತ್ತು ಪಟ್ಟಿಗಳನ್ನು ನೋಡಿ. ಗೊತ್ತಾದದ್ದು ಇಷ್ಟು. ಒರೆಯ ಬೆನ್ನಲ್ಲಿ ಸೊಂಟಪಟ್ಟಿ ತೂರಿಸುವ ಎರಡು ಕುಣಿಕೆಗಳಿರುತ್ತವೆ. ಎರಡನೇ ಯುದ್ಧದ ಒರೆಗಳಲ್ಲಿ ಮುಖ್ಯ ಮುದ್ರೆ ಸಾಮಾನ್ಯವಾಗಿ ಅವುಗಳ ನಡುವೆ ಇರುತ್ತದೆ. ಮೊದಮೊದಲು ತಯಾರಕನ ಹೆಸರು, ಊರು, ಇಸವಿ ಮೂರನ್ನೂ ಪೂರ್ತಿ ಒತ್ತುತ್ತಿದ್ದರು. ಕಾರ್ಖಾನೆ ಎಲ್ಲಿದೆ ಎಂದು ಶತ್ರುವಿಗೆ ತಿಳಿಯಬಾರದೆಂದು 1940ರ ಕೊನೆಯ ಹೊತ್ತಿಗೆ ಹೆಸರು ಬಿಟ್ಟು ಮೂರಕ್ಷರದ ಸಂಕೇತ ಹಾಕತೊಡಗಿದರು. ಪಕ್ಕದಲ್ಲಿ ರೆಕ್ಕೆ ಚಾಚಿದ ಹದ್ದು, ಅದರ ಕೆಳಗೆ ತಪಾಸಣೆ ಮಾಡಿದವರ ನಂಬರು. ಯಾವ ಮಾದರಿಯ ಪಿಸ್ತೂಲಿಗೆ ಎಂಬ ಗುರುತು ಬೇರೆ. ಮೊದಲ ಯುದ್ಧದ್ದಾದರೆ ಮುಚ್ಚಳದ ಒಳಗೆ ಸೈನ್ಯದ ಉಗ್ರಾಣದ ಮುದ್ರೆ. 1937 ಎಂಬ ಇಸವಿಯ ಜೊತೆ ಮೂರಕ್ಷರದ ಸಂಕೇತ ಕಂಡರೆ ಅದು ಸುಳ್ಳು. ಆಗ ಆ ಸಂಕೇತ ಹುಟ್ಟಿರಲೇ ಇಲ್ಲ.

ಇಷ್ಟೂ ಮ್ಯಾನೇಜರರಿಗೆ ಗೊತ್ತಿರಲಿಲ್ಲ. ಹತ್ತು ವರ್ಷದಿಂದ ಕೂಡಿಸುತ್ತಿದ್ದ ಮನುಷ್ಯನಿಗೆ ಸಂಕೇತವೂ ಇಸವಿಯೂ ಕೂಡಿಬರಬೇಕು ಎಂಬುದು ಹೊಸ ಸುದ್ದಿ. ಆದರೆ ಮಾತಿಗೇನೂ ಕೊರತೆಯಿರಲಿಲ್ಲ. ಚರ್ಮದ ಮೇಲಿನ ಕೊಳೆಗೆ ಅವರು ಪ್ಯಾಟಿನಾ, ಅಂದರೆ ಹಳಮೆಯ ಹೊಳಪು, ಎನ್ನುತ್ತಿದ್ದರು, ಅಂಗಡಿಯವನು ಹೇಳಿದ ಕತೆಗೆ ಪ್ರೊವೆನೆನ್ಸ್, ಅಂದರೆ ಯಾರ ಕೈಯಿಂದ ಬಂತೆಂಬ ದಾಖಲೆ, ಎನ್ನುತ್ತಿದ್ದರು. ಯುದ್ಧದ ವಿಷಯ ಬಂದರೆ ಟ್ಯಾಂಕುಗಳನ್ನು ತಾವೇ ಹಿಂದೆ ಮುಂದೆ ಓಡಿಸಿದಂತೆ ಮಾತಾಡುತ್ತಿದ್ದರು. ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರು ಹಿಂದೆ ತೆಗೆಯಲು ವಾಚ್‌ಮನ್ನನ್ನು ಕರೆಯುವವರು. ಪ್ರತಿ ತಿಂಗಳು ಒರೆಗಳಿಗೆಲ್ಲ ಕಾರಿನ ಸೀಟಿಗೆ ಹಚ್ಚುವ ಪಾಲಿಶ್ ಹಚ್ಚಿ, ಶೂ ಡಬ್ಬಿಗಳಿಂದ ಕೂಡಿಟ್ಟ, ತೇವ ಹೀರುವ ಜೆಲ್ ಪೊಟ್ಟಣಗಳನ್ನು ಕಪಾಟಿನ ಮೂಲೆಗಿಡುತ್ತಿದ್ದರು. ಹದ್ದಿನ ಕಾಲಡಿ ಸ್ವಸ್ತಿಕ ಇರುವುದನ್ನು ತೋರಿಸಿ, "ನಮ್ಮದೇ ಅಲ್ವೇನಪ್ಪ, ಶುಭ," ಎಂದು ಒಮ್ಮೆ ನಕ್ಕರು. ಅದನ್ನು ಅವರು ತಮಾಷೆಗೆ ಹೇಳಿದರೋ ನಂಬಿಕೊಂಡು ಹೇಳಿದರೋ ಇವತ್ತಿಗೂ ನನಗೆ ತಿಳಿದಿಲ್ಲ. ಎರಡರಲ್ಲಿ ಯಾವುದಾದರೂ ಅಸಹ್ಯವೇ.

ನಾನು ಆಫೀಸಿನ ಪದ್ಧತಿಯಲ್ಲೇ ದರ್ಜೆ ಕೊಟ್ಟೆ. ನಮ್ಮಲ್ಲಿ ನಕ್ಷೆಗಳಿಗೆ ಎ ಎಂದರೆ ಒಪ್ಪಿಗೆ, ಬಿ ಎಂದರೆ ಸಣ್ಣ ತಿದ್ದುಪಡಿ, ಸಿ ಎಂದರೆ ಮತ್ತೆ ಸಲ್ಲಿಸಿ, ಡಿ ಎಂದರೆ ತಿರಸ್ಕೃತ. ಒರೆಗಳಲ್ಲಿ ಹನ್ನೊಂದು ಎ, ನಾಲ್ಕು ಬಿ, ಐದು ಸಿ, ಮೂರು ಡಿ ಬಂದವು. ಮುದ್ರೆ ಸ್ಪಷ್ಟವಾಗಿದ್ದು, ಸಂಕೇತ ಮತ್ತು ಇಸವಿ ಹೊಂದಿದರೆ ಎ.

"ಡಿ ಅಂತ ಬರೀಬೇಡ. ಡಿ ಅಂದ್ರೆ ಫೇಲ್ ಅಲ್ವಾ. ಸಿಗೆ ಹಾಕು," ಎಂದರು ಮ್ಯಾನೇಜರರು.

ಹಾಕಿದೆ. ನನಗೆ ಏನೂ ಅನ್ನಿಸಲಿಲ್ಲ. ಲುಸೈಲ್‌ನಲ್ಲಿ ಕಾಂಕ್ರೀಟು ಗಟ್ಟಿಯಾದ ಮೂರು ದಿನಕ್ಕೆ "ಕಾಂಕ್ರೀಟು ಹಾಕಬಹುದೇ" ಎಂಬ ಅರ್ಜಿಗೆ ಹಿಂದಿನ ವಾರದ ತಾರೀಖಿನ ಸೀಲು ಒತ್ತಿದವನು ನಾನು. ಸೀಲಿನ ಚಕ್ರವನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸಿದರೆ ದಿನ ಹಿಂದಕ್ಕೆ ಹೋಗುತ್ತದೆ. ಇದನ್ನು ಆಫೀಸಿನಲ್ಲಿ ಎಲ್ಲರೂ ಮಾಡುತ್ತಿದ್ದರು, ಎಲ್ಲರಿಗೂ ಗೊತ್ತಿತ್ತು, ಯಾರೂ ಅದಕ್ಕೆ ಸುಳ್ಳು ಎನ್ನುತ್ತಿರಲಿಲ್ಲ. ಅಂಥವನು ಮುದ್ರೆಯನ್ನು ನೋಡಿ ಸತ್ಯ ಹೇಳಲು ಕೂತಿದ್ದೆ.

ನಮ್ಮ ಸೈಟಿನ ಸ್ಟೋರ್ ನೋಡಿಕೊಳ್ಳುತ್ತಿದ್ದವರು ಕಾರ್ಕಳದ ಕಡೆಯವರು, ಮನೆಮಾತು ತುಳು. ಐವತ್ತೆಂಟು ವರ್ಷ, ಗಲ್ಫಿನಲ್ಲಿ ಇಪ್ಪತ್ತೊಂಬತ್ತು ವರ್ಷ. ನಾನು ಪುತ್ತೂರಿನವನಾದ್ದರಿಂದ ಅಣ್ಣ ಎಂದು ಕರೆಯುತ್ತಿದ್ದೆ. ಆ ಅಕ್ಟೋಬರಿನಲ್ಲಿ ಅವರ ಕೆಲಸ ಮುಗಿಯುವುದಿತ್ತು. ವರ್ಲ್ಡ್ ಕಪ್ ಶುರುವಾಗುವ ಮೊದಲು ಸೈಟ್ ಖಾಲಿ ಮಾಡಬೇಕೆಂದು ಕಂಪನಿ ಅರ್ಧ ಜನರನ್ನು ಮನೆಗೆ ಕಳಿಸುತ್ತಿತ್ತು. ಅಣ್ಣ ಜುಲೈಯಲ್ಲಿ ಕೊನೆಯ ರಜೆಗೆ ಊರಿಗೆ ಹೋಗಿ ಆಗಸ್ಟ್ 19ಕ್ಕೆ ಮರಳಿದರು. 21ರ ಭಾನುವಾರ ಬೆಳಿಗ್ಗೆ 7.20ಕ್ಕೆ ನನ್ನನ್ನು ಸ್ಟೋರಿಗೆ ಕರೆದರು.

"ನಿನಗೆ ಈ ಜರ್ಮನಿಯ ಸೀಲೆಲ್ಲ ಓದ್ಲಿಕ್ಕೆ ಬರ್ತದಂತೆ ಅಲ್ವಾ ಮಾರಾಯ?"

"ಸ್ವಲ್ಪ ಬರ್ತದೆ ಅಣ್ಣ."

"ಸ್ವಲ್ಪ ಸಾಕು."

ಬಣ್ಣದ ಡಬ್ಬಿಗಳ ಹಿಂದಿನಿಂದ ಒಂದು ಲುಂಗಿಯ ಗಂಟು ತೆಗೆದರು. ಒಳಗೆ ಒಂದು ಒರೆ. ಕಪ್ಪಾಗಿ, ಮುಚ್ಚಳದ ತುದಿ ಸುರುಟಿಕೊಂಡು, ಒಣಮೀನಿನ ಹಾಗೆ ಬಿರುಸಾಗಿತ್ತು. ಪಾಲಿಶ್ ಕಂಡದ್ದೇ ಅಲ್ಲ.

ಅದು ಅವರ ತಾಯಿಯ ತಂದೆಯದ್ದು. ಅಜ್ಜ ಬ್ರಿಟಿಷರ ಪಟಾಲಂನಲ್ಲಿ ಸಿಪಾಯಿಯಾಗಿ ಆಫ್ರಿಕದ ಮರುಭೂಮಿಗೆ ಹೋಗಿದ್ದರಂತೆ. ಅಲ್ಲಿ ಸೆರೆಸಿಕ್ಕ ಜರ್ಮನ್ ಅಧಿಕಾರಿಯೊಬ್ಬನ ಸೊಂಟದಿಂದ ಇದನ್ನು ಬಿಚ್ಚಿಕೊಂಡರಂತೆ. ಪಿಸ್ತೂಲನ್ನು ಸುಬೇದಾರ ತೆಗೆದುಕೊಂಡ, ಒರೆ ಅಜ್ಜನಿಗೆ ಉಳಿಯಿತು. ಆಮೇಲೆ ಕಾಲಿಗೆ ಪೆಟ್ಟಾಗಿ ಮರುಭೂಮಿಯಿಂದ ನೇರ ಹಿಂದುಸ್ತಾನಕ್ಕೆ ಕಳಿಸಿದರು, ಮತ್ತೆ ಸಮುದ್ರ ದಾಟಲಿಲ್ಲ. ಊರಿನವರು ನಂಬಲಿಲ್ಲ. ಮುಂಬೈಯ ಗುಜರಿ ಪೇಟೆಯಲ್ಲಿ ಕೊಂಡುತಂದು ಬಡಾಯಿ ಕೊಚ್ಚುತ್ತಾನೆ ಎಂದರು. ಸೈನ್ಯದ ಕಾಗದಗಳನ್ನು ಗೆದ್ದಲು ತಿಂದಿತ್ತು. ಸಾಯುವವರೆಗೆ ಅವರಿಗೆ ಇದ್ದ ಹೆಸರು ಬಂಡಲ್ ಸುಬೇದಾರ್.

"ಮಕ್ಕಳು ಕೂಡ ಹಾಗೇ ಕರೀತಿದ್ರು," ಎಂದರು ಅಣ್ಣ. "ನಾನೂ ಒಂದು ಸಲ ಕರ್ದಿದ್ದೇನೆ. ಅಮ್ಮ ಹೊಡೆದ್ರು."

"ಮ್ಯಾನೇಜರರಿಗೆ ಮಾರ್ಲಿಕ್ಕಾ?"

"ಅವನಿಗೆ? ತಲೆ ಸರಿ ಉಂಟಾ ನಿನಗೆ. ಮಾರ್ಲಿಕ್ಕೆ ಅಲ್ಲ. ಒಂದು ಕಾಗದ ಬೇಕು ನನಗೆ. ಇದು ಇಂಥ ವರ್ಷದ್ದು, ಇಂಥಾದ್ದು ಅಂತ. ನೀನು ಅವನಿಗೆ ಮಾಡಿಕೊಟ್ಟ ಹಾಗೆ, ಫೋಟೊ ಎಲ್ಲ ಇಟ್ಟು. ಅಮ್ಮನಿಗೆ ಎಂಬತ್ತೆರಡು ಆಯ್ತು. ಕಟ್ಟು ಹಾಕಿಸಿ ಗೋಡೆಗೆ ಹಾಕ್ತೇನೆ. ಊರಿನವರು ಓದ್ಲಿ."

ಪಟ್ಟಿಯಲ್ಲಿ ಅದು ಇಪ್ಪತ್ತನಾಲ್ಕನೇ ನಂಬರು. ಅದಕ್ಕೂ ಹನ್ನೆರಡು ಫೋಟೊ ತೆಗೆದೆ. ಮ್ಯಾನೇಜರರ ಒರೆಗಳಿಗೆ ಒಂದೊಂದಕ್ಕೆ ಎರಡು ಗಂಟೆ ಕೊಟ್ಟಿದ್ದೆ, ಇದಕ್ಕೆ ಕೊಟ್ಟದ್ದು 35 ನಿಮಿಷ. ಡೈರಿಯಲ್ಲಿ ಇದೆ, ಅಲ್ಲಗಳೆಯಲು ಬರುವುದಿಲ್ಲ.

ಬೆನ್ನಲ್ಲಿ ಎರಡು ಕುಣಿಕೆಗಳಿರಲಿಲ್ಲ. ಅವುಗಳ ಜಾಗದಲ್ಲಿ ಒಂದು ಅಗಲವಾದ ಚರ್ಮದ ತುಂಡು, ಒಂಬತ್ತು ಸೆಂಟಿಮೀಟರ್ ಉದ್ದ, ಆರು ಅಗಲ. ಅದರ ಮೇಲೆ ಒಂದು ಬಾಣದ ಗುರುತು, ಪಕ್ಕದಲ್ಲಿ ಇಂಗ್ಲಿಷಿನ ಐ ಅಕ್ಷರ, ಕೆಳಗೆ 1944. ಬಾಣ ಮತ್ತು ಐ ಎಂದರೆ ಬ್ರಿಟಿಷರ ಕಾಲದ ಹಿಂದುಸ್ತಾನದ ಸೈನ್ಯದ ಸಾಮಾನು. ಅದು ನನಗೆ ಹುಡುಕಿದಾಗ ಸಿಕ್ಕಿತು. ಜರ್ಮನ್ ಮುದ್ರೆ ಎಲ್ಲೂ ಇಲ್ಲ. ತುಂಡಿನ ಕೆಳಗಿನ ಅಂಚಿನಿಂದ ಆಚೆ ಪಿಸ್ತೂಲಿನ ಮಾದರಿಯ ಗುರುತು ಮಾತ್ರ ಅರ್ಧ ಮಾಸಿ ಕಾಣುತ್ತಿತ್ತು.

ಇಲ್ಲಿ ನಮ್ಮ ಕೆಲಸದ ಒಂದು ನಿಯಮ ಹೇಳಬೇಕು. ಒಂದೇ ನಕ್ಷೆ ತಿದ್ದುಪಡಿಯಾಗಿ ಐದಾರು ಸಲ ಬರುತ್ತದೆ. ಯಾವುದರ ಮೇಲೆ ಕೊನೆಯ ತಾರೀಖಿನ ಸೀಲು ಇದೆಯೋ ಅದೇ ಸಿಂಧು. ಹಿಂದಿನವು ಸತ್ತ ಹಾಗೆ, ಅವುಗಳಿಗೆ ಬೇರೆ ಡ್ರಾಯರು. ಡಾಕ್ಯುಮೆಂಟ್ ಕಂಟ್ರೋಲರುಗಳಿಗೆ ಮೊದಲ ದಿನ ಕಲಿಸುವುದು ಇದನ್ನೇ. ಇದರಲ್ಲಿ ತಪ್ಪಿದರೆ ಕೆಲಸ ಹೋಗುತ್ತದೆ. ನಾನು ತಪ್ಪಲಿಲ್ಲ. ಒರೆಯಲ್ಲಿ ಓದಲು ಬರುವ ಕೊನೆಯ ತಾರೀಖು 1944. ಜರ್ಮನರು ಆಫ್ರಿಕದಲ್ಲಿ ಶರಣಾದದ್ದು 1943ರ ಮೇ ತಿಂಗಳಲ್ಲಿ. ಹಾಗಾದರೆ ಇದು ಆಫ್ರಿಕದಲ್ಲಿ ಸಿಕ್ಕದ್ದಲ್ಲ. ಮೇಲಾಗಿ ಮುದ್ರೆಯೂ ಜರ್ಮನಿಯದ್ದಲ್ಲ. ದರ್ಜೆ ಡಿ. ಮ್ಯಾನೇಜರರ ಮೂರು ಡಿಗಳು ಆಗಲೇ ಸಿ ಆಗಿದ್ದವು, ಹಾಗಾಗಿ ಇಡೀ ಪಟ್ಟಿಯಲ್ಲಿ ಡಿ ಪಡೆದದ್ದು ಇದೊಂದೇ.

ಆಗಸ್ಟ್ 28, ಭಾನುವಾರ, ಮಧ್ಯಾಹ್ನ 12.50. ಅಣ್ಣ ಸ್ಟೋರಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಹೇಳಿದೆ. ಇಸವಿ ಹೇಳಿದೆ, ಬಾಣ ತೋರಿಸಿದೆ, ಶರಣಾಗತಿಯ ತಾರೀಖೂ ಹೇಳಿದೆ. ನನ್ನ ಧ್ವನಿಯಲ್ಲಿ ಒಂದು ಬಗೆಯ ಗತ್ತು ಇತ್ತೆಂದು ನೆನಪಿದೆ.

ಅವರು ಅನ್ನ ಕಲಸಿದ ಕೈಯನ್ನು ಹಾಗೇ ತಟ್ಟೆಯಲ್ಲಿಟ್ಟುಕೊಂಡರು.

"ಅಂದ್ರೆ ಅಜ್ಜ ಹೇಳಿದ್ದು ಸುಳ್ಳು ಅಂತಾಯ್ತು."

"ಸುಳ್ಳು ಅಂತಲ್ಲ ಅಣ್ಣ. ಮುದ್ರೆ ಹೊಂದುವುದಿಲ್ಲ."

"ಎರಡೂ ಒಂದೇ ಅಲ್ವಾ ಮಾರಾಯ. ನಿನ್ನ ಕಾಗದದಲ್ಲಿ ಎರಡಕ್ಕೂ ಒಂದೇ ಅಕ್ಷರ. ಆಯ್ತು. ಖಲಾಸ್," ಎಂದು ಊಟ ಮುಂದುವರಿಸಿದರು. ಕಾಗದವನ್ನು ಕೇಳಲಿಲ್ಲ. ಅಕ್ಟೋಬರ್ 27ರ ಗುರುವಾರ ಊರಿಗೆ ಹೋದರು. ಕಂಪನಿ ಅವರಿಗೆ ಒಂದು ಗಡಿಯಾರ ಕೊಟ್ಟಿತು, ಅದರ ಡಬ್ಬಿಗೆ ನಂಬರು ಹಾಕಿದವನೂ ನಾನೇ.

ನವೆಂಬರ್ 5, ಶನಿವಾರ. ಅತಿಥಿಗಳು ಬರುವ ಮೊದಲು ನಾಲ್ಕು ಒರೆಗಳ ಮುಚ್ಚಳದ ಪಟ್ಟಿ ಹೊಲಿಸಿಕೊಂಡು ಬಾ ಎಂದು ಮ್ಯಾನೇಜರರು ಕಳಿಸಿದರು. ನಾಲ್ಕೂ ಎ ದರ್ಜೆಯವು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರಿನ ಸೀಟು, ಅರಬರು ಅತಿಥಿಗಳನ್ನು ಕೂರಿಸುವ ಮಜ್ಲಿಸ್‌ನ ದಿಂಬು ಹೊಲಿಯುವ ಒಂದು ಅಂಗಡಿಗೆ ಹೋದೆ. ಅಲ್ಲಿ ಚರ್ಮದ ಕೆಲಸ ಮಾಡುವವರು ಕಾನ್ಪುರದ ಒಬ್ಬ ಹಿರಿಯರು. ಹಿಂದಿಯಲ್ಲಿ ಮಾತಾಡಿದರು, ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಒರೆಯನ್ನು ಕೈಗೆತ್ತಿಕೊಂಡು ಮೂಗಿಗೆ ಹಿಡಿದರು. ಎರಡನೆಯದನ್ನೂ ಹಿಡಿದರು. ಆಮೇಲೆ ನಾಲ್ಕನ್ನೂ ಬೆನ್ನು ಮೇಲಾಗಿ ಸಾಲಾಗಿಟ್ಟು ನಗತೊಡಗಿದರು.

"ಅರೆ ಭಾಯಿ, ಇವು ನಮ್ಮ ಊರಿನ ಮಕ್ಕಳು."

"ಜರ್ಮನಿಯವು," ಎಂದೆ.

"ಜರ್ಮನಿ ನನ್ನ ಮಾವನ ಮನೆ ಅಂತಾದರೆ ಹೌದು. ಈ ಹದ್ದಿನ ಎಡರೆಕ್ಕೆ ನೋಡು. ತುದಿಯಲ್ಲಿ ಒಂದು ಹಲ್ಲು ಮುರಿದಿದೆ. ಅಚ್ಚು ನನ್ನ ಉಸ್ತಾದರ ಕೈಯಿಂದ ನೆಲಕ್ಕೆ ಬಿದ್ದಾಗ ಮುರಿದದ್ದು. ಅವತ್ತು ನಾನಲ್ಲೇ ಇದ್ದೆ. ಬೈಗುಳ ಪೂರ್ತಿ ತಿಂದೆ."

ನೋಡಿದೆ. ನಾಲ್ಕು ಒರೆ, ನಾಲ್ಕು ಬೇರೆ ಇಸವಿ, ಮೂರು ಬೇರೆ ಕಾರ್ಖಾನೆಯ ಹೆಸರು. ಹದ್ದಿನ ರೆಕ್ಕೆಯ ತುದಿ ನಾಲ್ಕರಲ್ಲೂ ಒಂದೇ ಕಡೆ ಮುರಿದಿತ್ತು. ನಾನು ಹನ್ನೊಂದು ಶುಕ್ರವಾರ ನೋಡಿದ ಹದ್ದು ಅದು. ಒಂದೊಂದು ಒರೆಯೊಳಗೆ ಮುದ್ರೆಗಳು ಹೊಂದುತ್ತವೆಯೇ ಎಂದು ಪರೀಕ್ಷಿಸಿದ್ದೆ, ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ.

"ನಾವು ಯಾರಿಗೂ ಹಳೆಯದು ಅಂತ ಮಾರಲಿಲ್ಲ," ಎಂದರು. "ನಾಟಕದವರಿಗೆ, ಸಿನಿಮಾದವರಿಗೆ ಅಂತ ಹೊಲಿದದ್ದು. ಚಿತ್ರ ತಂದುಕೊಡುತ್ತಿದ್ದರು, ಹಾಗೇ ಒತ್ತುತ್ತಿದ್ದೆವು. ಹಳೆಯದು ಮಾಡಿದವರು ನಡುವಿನವರು. ಚಹಾದ ನೀರು ಹಚ್ಚಿದರೆ ಐವತ್ತು ವರ್ಷ, ಮರಳು ತಿಕ್ಕಿದರೆ ಇನ್ನೂ ಇಪ್ಪತ್ತು. ನಿನ್ನ ಸಾಹೇಬರು ಎಷ್ಟು ವರ್ಷಕ್ಕೆ ದುಡ್ಡು ಕೊಟ್ಟರು?"

ಆಮೇಲೆ ಫೋಟೊಗಳಲ್ಲಿ ಹನ್ನೊಂದು ಎಗಳನ್ನೂ ನೋಡಿದೆ. ಎಂಟರಲ್ಲಿ ಅದೇ ಮುರಿದ ರೆಕ್ಕೆ.

ಹೊರಡುವ ಮೊದಲು, ಏಕೆಂದು ಈಗಲೂ ಸರಿಯಾಗಿ ಹೇಳಲಾರೆ, ಫೋನಿನಲ್ಲಿ ಇಪ್ಪತ್ತನಾಲ್ಕನೆಯದನ್ನು ತೋರಿಸಿದೆ. ಅವರು ನಗಲಿಲ್ಲ. ಕನ್ನಡಕ ಹಾಕಿಕೊಂಡರು. ಫೋಟೊವನ್ನು ಬೆರಳಿಂದ ಹಿಗ್ಗಿಸಿ ನೋಡಿದರು.

"ಇದು ಯಾರದ್ದು?"

"ಒಬ್ಬರ ಅಜ್ಜನದ್ದು."

"ಚೀಲ ಬೇರೆ, ಬೆನ್ನಿನ ತೇಪೆ ಬೇರೆ. ಎರಡು ಚರ್ಮ, ಎರಡು ದೇಶ. ಚೀಲ ಯಂತ್ರದ ಹೊಲಿಗೆ, ಸಣ್ಣ ಸಣ್ಣ ಕಚ್ಚು, ಇಂಥದ್ದು ನಾವು ಮಾಡಲು ಹೋಗಿ ಸೋತಿದ್ದೇವೆ. ತೇಪೆ ಕೈಹೊಲಿಗೆ. ಕುದುರೆಯ ಸಾಮಾನಿನ ಪಟ್ಟಿ ಕತ್ತರಿಸಿ ಹಾಕಿದ್ದಾರೆ. ಹೊಲಿದವನು ಮೋಚಿಯಲ್ಲ, ಆದರೆ ಅವಸರದವನೂ ಅಲ್ಲ. ಹಳೆಯ ತೂತುಗಳಲ್ಲೇ ದಾರ ತೂರಿಸಿದ್ದಾನೆ, ಒಂದು ತೂತೂ ಹೊಸದಾಗಿ ಮಾಡಿಲ್ಲ."

"ತೇಪೆಯ ಮೇಲೆ 1944 ಇದೆ."

"ತೇಪೆಯ ವಯಸ್ಸು ಅದು. ನಿನ್ನ ಪ್ಯಾಂಟಿಗೆ ಇವತ್ತು ತೇಪೆ ಹಾಕಿದರೆ ಪ್ಯಾಂಟು ಇವತ್ತು ಹುಟ್ಟಿತಾ?" ಎಂದು ಫೋನು ಹಿಂದಕ್ಕೆ ಕೊಟ್ಟರು. "ನಿಜವಾದ ಮುದ್ರೆ ಕೆಳಗಿದೆ. ತೇಪೆ ಬಿಚ್ಚು, ಸಿಗುತ್ತದೆ."

ಇಷ್ಟು ಸರಳ. ಎರಡು ಕುಣಿಕೆಗಳ ನಡುವೆ ಮುದ್ರೆ ಇರುತ್ತದೆಂದು ನಾನೇ ಬರೆದಿದ್ದೆ. ಕುಣಿಕೆಗಳ ಜಾಗದಲ್ಲಿ ತೇಪೆ ಇದೆಯೆಂದೂ ನಾನೇ ಬರೆದಿದ್ದೆ. ಎರಡು ಸಾಲುಗಳ ನಡುವೆ ಮೂರು ಅಂಗುಲ ಅಂತರವೂ ಇರಲಿಲ್ಲ.

ನವೆಂಬರ್ 6, ಭಾನುವಾರ, ಬೆಳಿಗ್ಗೆ 8.05ಕ್ಕೆ ಮ್ಯಾನೇಜರರ ಕೋಣೆಗೆ ಹೋಗಿ ಮುರಿದ ರೆಕ್ಕೆಯ ಎಂಟು ಫೋಟೊ ಮೇಜಿನ ಮೇಲಿಟ್ಟೆ.

"ಯಾರು ಹೇಳಿದ್ದು?"

"ಸೀಟು ಹೊಲಿಯುವವರು ಸರ್. ಕಾನ್ಪುರದವರು. ಅಚ್ಚು ಅವರ ಉಸ್ತಾದರದ್ದು."

"ಸೀಟ್ ಹೊಲಿಯೋನ ಮಾತು ಕೇಳ್ಕೊಂಡು ಬಂದು ನಂಗೆ ಹೇಳ್ತೀಯಲ್ಲಪ್ಪ. ಅವನಿಗೆ ಪ್ರೊವೆನೆನ್ಸ್ ಅಂದ್ರೆ ಗೊತ್ತಾ?" ಫೋಟೊಗಳನ್ನು ಒಟ್ಟು ಮಾಡಿ ನನ್ನ ಕಡೆ ಸರಿಸಿದರು. "ಕ್ಯಾಟಲಾಗ್ ಪ್ರಿಂಟ್ ಆಗಿದೆ. ಐವತ್ತು ಕಾಪಿ. ಕೊನೇ ಪೇಜಲ್ಲಿ ನಿನ್ನ ಹೆಸರೂ ಹಾಕ್ಸಿದೀನಿ, ಸಣ್ಣಕ್ಷರದಲ್ಲಿ. ಇನ್ನೇನು ಬೇಕು?"

"ಇಪ್ಪತ್ತನಾಲ್ಕನೆಯದು ಡಿ ಅಲ್ಲ ಸರ್."

"ಯಾವುದು, ಸ್ಟೋರ್ ಕೀಪರ್ ತಾತಂದಾ? ಅದನ್ನ ನಾನು ಹಾಕಿಸೇ ಇಲ್ಲ."

ಫುಟ್ಬಾಲಿನಲ್ಲಿ ಜರ್ಮನಿ ಜಪಾನಿಗೆ ಸೋತ ಎರಡನೇ ದಿನ, ನವೆಂಬರ್ 25ರ ಶುಕ್ರವಾರ ಸಂಜೆ, ಅತಿಥಿ ಬಂದರು. ಮೂವರನ್ನು ಕರೆದಿದ್ದರು, ಬಂದದ್ದು ಒಬ್ಬರು, ವಯಸ್ಸಾದ ಎಂಜಿನಿಯರ್. ಗ್ಲೌಸು ಹಾಕಿಕೊಂಡು ಒರೆಗಳನ್ನು ತೋರಿಸುವ ಕೆಲಸ ನನ್ನದು. ಅವರು ಕಪಾಟಿನ ಮುಂದೆ ನಿಂತದ್ದು ಎರಡು ನಿಮಿಷ. ಇಂಥದ್ದು ತಮ್ಮ ಅಜ್ಜಿಯ ಮನೆಯಲ್ಲಿ ಒಂದಿತ್ತು, ಯುದ್ಧ ಮುಗಿದ ವಾರ ಅಜ್ಜಿ ಅದನ್ನು ಕೆರೆಗೆ ಎಸೆದರು ಎಂದರು. ಕ್ಯಾಟಲಾಗನ್ನು ಕೈಗೆ ಕೊಟ್ಟಾಗ ತೆರೆಯದೆ ಮೇಜಿನ ಮೇಲಿಟ್ಟು ನೀರು ಕೇಳಿದರು. ಅವರಿಗೆ ಕೂಡಲೇ ಸಿಕ್ಕಿತು. ಅವರು ಹೋದಮೇಲೆ ಮ್ಯಾನೇಜರರು, "ಪಾಪ, ಮ್ಯಾಚ್ ಸೋತ ಬೇಜಾರು," ಎಂದರು. ಆ ಮನುಷ್ಯನ ಮುಖದಲ್ಲಿ ಏನಿತ್ತೆಂದು ನನಗೆ ಕಂಡಿತ್ತು, ಅದಕ್ಕೂ ಫುಟ್‌ಬಾಲಿಗೂ ಸಂಬಂಧವಿರಲಿಲ್ಲ.

ಮ್ಯಾನೇಜರರನ್ನು ಕೀಳಾಗಿ ಕಾಣುವುದು ಸುಲಭ, ಇಷ್ಟು ಹೊತ್ತು ಅದನ್ನೇ ಮಾಡಿದೆ. ಡೈರಿಯಲ್ಲಿ ನವೆಂಬರ್ 5ರಿಂದ ಒಂದೊಂದು ದಿನದ ಕೆಳಗೆ ಒಂದು ಸಾಲಿದೆ: "ಅಣ್ಣನಿಗೆ ಫೋನ್ ಮಾಡಲಿಲ್ಲ." ಅಂಥ ಸಾಲು ಇಪ್ಪತ್ತೇಳು. ನೆಟ್‌ವರ್ಕ್ ಇತ್ತು, ನಂಬರಿತ್ತು. ತಪ್ಪು ಒಪ್ಪಿಕೊಳ್ಳುವುದಕ್ಕೆ ನಮ್ಮ ಆಫೀಸಿನಲ್ಲಿ ಸೀಲು ಇರಲಿಲ್ಲ.

ಡಿಸೆಂಬರ್ 2, ಶುಕ್ರವಾರ, ಬೆಳಿಗ್ಗೆ 10.30. ಕತಾರಿನ ಹತ್ತೂವರೆ ಎಂದರೆ ಊರಿನಲ್ಲಿ ಒಂದು ಗಂಟೆ. ಅಣ್ಣ ಎತ್ತಿದರು.

"ಓ, ಡಿ ಗ್ರೇಡಿನವನು. ಊಟ ಆಯ್ತಾ?"

ಎಲ್ಲ ಹೇಳಿದೆ. ಕಾನ್ಪುರದವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಹೇಳಿದೆ. ತೇಪೆ ಆಮೇಲೆ ಹಾಕಿದ್ದು, ಒರೆ ಹಳೆಯದು, ಅಜ್ಜನ ಮಾತು ನಿಜವಿರಬಹುದು, ನಾನು ತಪ್ಪು ಹೇಳಿದೆ.

"ಅಣ್ಣ?"

"ಇದ್ದೇನೆ. ನೀನು ಹೇಳಿದ್ದನ್ನು ನಾನು ಬಂದ ದಿನವೇ ಅಮ್ಮನಿಗೆ ಹೇಳಿದೆ ಮಾರಾಯ. ನಲ್ವತ್ತನಾಲ್ಕನೇ ಇಸವಿಯದ್ದಂತೆ, ಅಜ್ಜ ಎಲ್ಲಿಂದಲೋ ತಂದದ್ದಂತೆ ಅಂತ. ನಾಲ್ಕು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಐದನೇ ದಿನ ಹೇಳಿದ್ರು, ಆ ತೇಪೆ ಅಜ್ಜ ಹಾಕಿದ್ದು ಮನೆಯ ಜಗಲಿಯಲ್ಲಿ ಕೂತು, ಪಟಾಲಂ ಬಿಟ್ಟು ಬಂದ ಮೇಲೆ. ದಾರಕ್ಕೆ ಮೇಣ ತಿಕ್ಕಿ ಕೊಟ್ಟದ್ದು ನಾನೇ ಅಂತ. ಅವರಿಗೆ ಆಗ ಆರೋ ಏಳೋ ವರ್ಷ."

ನನ್ನ ನಮೂನೆಯಲ್ಲಿ ಹದಿನಾಲ್ಕು ಕಾಲಮ್ಮುಗಳಿದ್ದವು. ಯಾರು ರಿಪೇರಿ ಮಾಡಿದರು ಎಂದು ಮನೆಯವರನ್ನು ಕೇಳುವ ಕಾಲಮ್ಮು ಇರಲಿಲ್ಲ. ಆಗಸ್ಟಿನಲ್ಲಿ ಆ ಒಂದು ಪ್ರಶ್ನೆಗೆ ಒಂದು ಫೋನ್ ಸಾಕಿತ್ತು.

"ಹಾಗಾದರೆ ತೇಪೆ ಬಿಚ್ಚಿ ಅಣ್ಣ," ಎಂದೆ. "ಕೆಳಗೆ ಇಸವಿ ಇರುತ್ತದೆ. ನಲ್ವತ್ತೆರಡೋ ಅದಕ್ಕಿಂತ ಹಿಂದೆಯೋ ಇದ್ದರೆ ಅಜ್ಜನ ಮಾತು ಗಟ್ಟಿಯಾಗುತ್ತದೆ. ನಾಳೆಯೇ ಕಾಗದ ಮಾಡಿ ಕಳಿಸುತ್ತೇನೆ."

"ನಲ್ವತ್ನಾಲ್ಕೇ ಇದ್ರೆ?"

ಶರಣಾಗತಿಯ ತಾರೀಖನ್ನು ಅವರಿಗೆ ಹೇಳಿಕೊಟ್ಟವನು ನಾನೇ.

"ಅದೇ," ಎಂದರು. "ಅಮ್ಮನ ಹತ್ರ ಕೇಳಿದೆ, ಬಿಚ್ಚುವುದಾ ಅಂತ. ನನ್ನ ಅಪ್ಪ ಹಾಕಿದ ಹೊಲಿಗೆ, ನಾನು ಮೇಣ ತಿಕ್ಕಿದ ದಾರ, ಯಾರೋ ಊರಿನವರಿಗೆ ತೋರಿಸ್ಲಿಕ್ಕೆ ಕತ್ತರಿ ಹಾಕ್ಬೇಡ ಅಂದ್ರು. ಅವರು ಇರುವವರೆಗೆ ಮುಟ್ಟುವುದಿಲ್ಲ. ಆಮೇಲೂ ಮುಟ್ಟುವುದಿಲ್ಲ ಅಂತ ನನಗೆ ಕಾಣ್ತದೆ."

"ಮತ್ತೆ ಕಾಗದ?"

"ಕಾಗದ ಬೇಕು. ಆದ್ರೆ ಸುಳ್ಳು ಬರೀಬೇಡ. ಗೊತ್ತಿಲ್ಲ ಅಂತ ಬರ್ದು ಕೊಡು. ಡಿ ಅಂತ ಬರೆಯುವುದಕ್ಕೂ ಗೊತ್ತಿಲ್ಲ ಅಂತ ಬರೆಯುವುದಕ್ಕೂ ವ್ಯತ್ಯಾಸ ಉಂಟಲ್ಲ ಮಾರಾಯ."

ಡಿಸೆಂಬರ್ 3ರಂದು ಬರೆದು ಕಳಿಸಿದೆ. ಒಂದು ಪುಟ, ಆರು ಫೋಟೊ. ಒರೆ ಜರ್ಮನ್ ಸೈನ್ಯದ ಮಾದರಿಯದ್ದು. ಬೆನ್ನಿನ ತೇಪೆ ಹಿಂದುಸ್ತಾನದ ಸೈನ್ಯದ ಚರ್ಮ, 1944. ತೇಪೆ ಹಾಕಿದವರು ಅಜ್ಜ, ನೋಡಿದವರು ಮಗಳು, ಈಗಲೂ ಇದ್ದಾರೆ. ಒರೆ ತಯಾರಾದ ವರ್ಷ: ಗೊತ್ತಿಲ್ಲ. ಸೀಲು ಒತ್ತಲಿಲ್ಲ. ಅದಕ್ಕೆ ಕಟ್ಟು ಹಾಕಿಸಿ ಜಗಲಿಯ ಗೋಡೆಗೆ ಹಾಕಿರುವ ಫೋಟೊವನ್ನು ಅಣ್ಣ ಕಳಿಸಿದ್ದಾರೆ. ಊರಿನ ಕೆಲವರು ಬಂದು ಓದಿ, ಗೊತ್ತಿಲ್ಲ ಅಂತ ಬರೆದದ್ದಕ್ಕೆ ಚೌಕಟ್ಟು ಯಾಕೆ ಎಂದು ನಕ್ಕರಂತೆ. ಅಮ್ಮ ಅವರಿಗೆ ಚಹಾ ಕೊಡಲಿಲ್ಲವಂತೆ.

ಗೊತ್ತಿಲ್ಲ ಎಂಬ ಆ ಸಾಲು ಹಾಗೇ ಇರುವುದರಿಂದ ನನಗೆ ಸಮಾಧಾನವಿಲ್ಲ. ಆದ್ದರಿಂದ ಓದುವವರಲ್ಲಿ ಕೇಳುತ್ತಿದ್ದೇನೆ. ಇಂಥ ಒರೆಯ ಬೆನ್ನಲ್ಲಿ ಮಾದರಿಯ ಗುರುತಿಗೂ ಇಸವಿಯ ಮುದ್ರೆಗೂ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತೇ ಎಂದು ತಿಳಿದವರು, ಹೊಲಿಗೆ ಬಿಚ್ಚದೆ ಚರ್ಮದ ಕೆಳಗಿನ ಒತ್ತುಗುರುತನ್ನು ಓದುವ ಉಪಾಯ ಬಲ್ಲವರು, ನಿಮ್ಮ ಮನೆಯ ಹಿರಿಯರು ಆ ಮರುಭೂಮಿಯಿಂದ ಇಂಥದ್ದೇನಾದರೂ ತಂದಿದ್ದರೆ ಅಂಥವರು, ಪ್ರಕಾಶಕರ ಮೂಲಕ ನನಗೆ ಬರೆಯಿರಿ. ತೇಪೆಯ ಕೆಳಗಿನ ಅಂಚಿನಿಂದ ಮಾದರಿಯ ಗುರುತಿನ ತಳಕ್ಕೆ ಹನ್ನೊಂದು ಮಿಲಿಮೀಟರ್, ಇಸವಿ ಇದ್ದರೆ ಅದಕ್ಕಿಂತ ಮೇಲೆ. ಅಳೆದದ್ದು ಫೋಟೊದಲ್ಲಿ, ಒಂದು ಮಿಲಿಮೀಟರ್ ಹೆಚ್ಚು ಕಡಿಮೆ ಇರಬಹುದು.